ಗಟ್ಟಿಯಾಗಿ ಓದುತ್ತಿದ್ದವರು

ಸುದ್ದಿ ಬಂದದ್ದು ನಾವು ಯಾರೂ ಈಗ ಬಳಸದ ಹಳೆಯ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ. ಮುಳಬಾಗಿಲಿನ ಶಾಹೀನಾ ಹಾಕಿದ್ದಳು: ಸರ್ ಹೋಗಿಬಿಟ್ಟರು, ನಿದ್ದೆಯಲ್ಲೇ ಅಂತೆ, ಶ್ರೀನಿವಾಸಪುರದಲ್ಲಿ ಮಣ್ಣಾಯಿತು. ಅದರ ಕೆಳಗೆ ಕೈಮುಗಿದ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ನಾನು ಶಾಹೀನಾಳ ಸಾಲನ್ನು ತುಟಿ ಅಲುಗಿಸಿ ಒಂದು ಸಲ ಓದಿದೆ. ಬರೆದದ್ದನ್ನು ಬಾಯಲ್ಲಿ ಹೇಳಿ ನೋಡದೆ ನಂಬಬಾರದು ಎಂದು ನನಗೆ ಕಲಿಸಿದವರು ಅವರೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರುಗಳ ವಿಷಯದಲ್ಲಿ ಅವರಿಗೊಂದು ಹಠವಿತ್ತು. ಅದು ಮುಂದೆ ಬರುತ್ತದೆ.

ಕೋಲಾರದ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರ, ಬಿತ್ತನೆ ಬೀಜ ಮಾರುವ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸಿತ್ತು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಅದು. ದಿನಾ ಮಾಲೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೆಂಗಳೂರಿನ ಚಿಕ್ಕ ಕಂಪನಿಯೊಂದು, ಯಾರೆಂದು ಹೇಳಬಾರದೆಂಬ ಕರಾರಿದ್ದ ಒಂದು ಕಚೇರಿಗಾಗಿ, ಅಲ್ಲಿ ಪ್ರಯೋಗ ನಡೆಸುತ್ತಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಜನ ಸೋಷಿಯಲ್ ಮೀಡಿಯಾದಲ್ಲಿ ಎಲ್ಲರಿಗೂ ಕಾಣುವಂತೆ ಬರೆದದ್ದನ್ನು ಕಂಪ್ಯೂಟರು ಒಟ್ಟುಹಾಕುತ್ತಿತ್ತು. ಅದರಲ್ಲಿ ಯಾವುದು ಬರೀ ದೂರು, ಯಾವುದು ಸಿಟ್ಟು, ಯಾವುದು ಜನ ಸೇರಿಸುವ ಕರೆ, ಯಾವುದು ಬೆದರಿಕೆ ಎಂದು ಮೊದಲು ಮನುಷ್ಯರು ಗುರುತು ಹಾಕಬೇಕು. ಆ ಗುರುತುಗಳಿಂದ ಯಂತ್ರ ಕಲಿಯುತ್ತದೆ. ಕಲಿತ ಮೇಲೆ ಪ್ರತಿ ಹೋಬಳಿಗೂ ನಾಳೆಯ ಬಣ್ಣ ಹೇಳುತ್ತದೆ: ಹಸಿರು, ಹಳದಿ, ಕೆಂಪು. ಕೆಂಪೆಂದರೆ ನಾಳೆ ಅಲ್ಲಿ ಗಲಾಟೆಯಾಗಬಹುದು ಎಂದು.

ಯಂತ್ರಕ್ಕೆ ಕಲಿಸುವುದು ನನ್ನ ಕೆಲಸ. ಶಾಹೀನಾ ಮತ್ತು ಅವಳ ಜೊತೆಯವರು ಗುರುತು ಹಾಕುವವರು. ಆ ಗುರುತು ಸರಿಯೇ ಎಂದು ಕೊನೆಯಲ್ಲಿ ನೋಡುವವರು ಇವರು, ನಮ್ಮ ಸರ್.

ಅದಕ್ಕೆ ಮೊದಲು ಇವರು ಪತ್ರಿಕೆಯೊಂದರ ತಾಲ್ಲೂಕು ವರದಿಗಾರರಾಗಿದ್ದರು. ಪತ್ರಿಕೆ ಜಿಲ್ಲೆಯ ಪುಟ ನಿಲ್ಲಿಸಿದಾಗ ಇವರನ್ನೂ ನಿಲ್ಲಿಸಿತು. ಗಿಡ್ಡ ಆಳು, ದಪ್ಪ ಕನ್ನಡಕ, ಅರ್ಧ ತೋಳಿನ ಬಿಳಿ ಅಂಗಿ. ಕೊರಳಿನ ಗುಂಡಿ ಸದಾ ಬಿಚ್ಚಿರುತ್ತಿತ್ತು. ಯಾರಿಗಾದರೂ ಫೋನು ಮಾಡುವ ಮುಂಚೆ ಮಾತ್ರ ಆ ಗುಂಡಿ ಹಾಕಿಕೊಳ್ಳುತ್ತಿದ್ದರು. ಆ ಕಡೆಯವರು ಎದುರಿಗೇ ಕೂತಿದ್ದಾರೆ ಎನ್ನುವ ಹಾಗೆ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಆಮೇಲೆ ನಂಬರು ಒತ್ತುವುದು. ಮಾತು ಮುಗಿದ ಕೂಡಲೇ ಗುಂಡಿ ಬಿಚ್ಚುವುದು. ಶಾಹೀನಾ ಇದನ್ನು ನೋಡಿ, ಸರ್ ಸ್ಕೂಲಿಗೆ ಹೊರಟರು ಎನ್ನುತ್ತಿದ್ದಳು.

ನಾನು ಸೇರಿದ ಹೊಸತರಲ್ಲಿ ಹೋಳೂರಿನ ಒಂದು ಸಾಲಿಗೆ ಯಂತ್ರ ಬೆದರಿಕೆ ಎಂದು ಗುರುತು ಹಾಕಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ನಾಳೆ ಬನ್ರೋ, ಒಬ್ಬೊಬ್ಬರನ್ನೂ ಮಲಗಿಸ್ತೀವಿ, ಎಂದಿತ್ತು. ನಾನೂ ಬೆದರಿಕೆ ಎಂದೇ ಬಿಡುತ್ತಿದ್ದೆ. ಇವರು ಕುರ್ಚಿ ಎಳೆದುಕೊಂಡು ಬಂದು ಅದನ್ನು ಗಟ್ಟಿಯಾಗಿ ಓದಿದರು. ಮೊದಲು ಠಾಣೆಯ ದಫೇದಾರನ ದನಿಯಲ್ಲಿ, ಆಮೇಲೆ ಮೀಸೆ ಮೂಡುತ್ತಿರುವ ಹುಡುಗನ ದನಿಯಲ್ಲಿ. ಎರಡನೆಯ ಸಲಕ್ಕೆ ಶಾಹೀನಾ ನಕ್ಕುಬಿಟ್ಟಳು. ಇವರು ಕೆಳಗಿನ ಸಾಲುಗಳನ್ನು ತೋರಿಸಿದರು. ಅಲ್ಲಿ ಬ್ಯಾಟು, ಚೆಂಡು, ಎರಡು ಊರಿನ ತಂಡಗಳ ಹೆಸರಿತ್ತು.

"ಕಣ್ಣು ಬೇಗ ಹೆದರಿಕೊಳ್ಳುತ್ತಮ್ಮ," ಎಂದರು. "ಕಿವಿ ಸ್ವಲ್ಪ ನಿಧಾನ. ಬಾಯಲ್ಲಿ ಹೇಳಿ ನೋಡು."

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಕೆಂಪಿಗೆ ಹತ್ತಿರವಾದ ಪ್ರತಿ ಸಾಲನ್ನೂ ಯಾರಾದರೂ ಗಟ್ಟಿಯಾಗಿ ಓದಬೇಕು. ತೆಲುಗಿನ ಸಾಲುಗಳನ್ನು ಇವರೇ ಓದುತ್ತಿದ್ದರು, ಮನೆಮಾತು ಅದೇ. ದಖನಿ ಉರ್ದುವಿನವನ್ನು ಶಾಹೀನಾಗೆ ಬಿಡುತ್ತಿದ್ದರು. ಆ ಬಾಯಿ ನನಗಿಲ್ಲ, ನೀನೇ ಓದು ತಾಯಿ ಎನ್ನುತ್ತಿದ್ದರು. ಕೆಳಗಿನ ಗೊಬ್ಬರದ ಅಂಗಡಿಗೆ ಬಂದ ರೈತರು ಮಹಡಿಯಿಂದ ಬರುವ ಬೈಗುಳ ಕೇಳಿ, ಮೇಲೆ ಏನು ನಾಟಕದ ಪ್ರಾಕ್ಟೀಸಾ ಎಂದು ಅಂಗಡಿಯವರನ್ನು ಕೇಳುತ್ತಿದ್ದರಂತೆ. ನಾನು ಮಾತ್ರ ಓದುತ್ತಿರಲಿಲ್ಲ. ನನಗೆ ದನಿ ಎತ್ತಿ ಅಭ್ಯಾಸವಿಲ್ಲ. ಅವರೂ ಒತ್ತಾಯಿಸಲಿಲ್ಲ.

ಮಾವಿನ ಕಾಲ ಬಂದಾಗ ಗೌನಿಪಲ್ಲಿ ದಿನವೂ ಕೆಂಪಾಗತೊಡಗಿತು. ತೋಟದವರು ಮಂಡಿಯವರನ್ನು, ಮಂಡಿಯವರು ಲಾರಿಯವರನ್ನು, ಎಲ್ಲರೂ ಸೇರಿ ಬೆಲೆಯನ್ನು ಬೈಯುತ್ತಿದ್ದರು. ಬೆಂಗಳೂರಿನ ಮ್ಯಾನೇಜರ್ ಗಾಬರಿಯಾಗಿ ಫೋನು ಮಾಡಿದರು. ಇವರು ಗುಂಡಿ ಹಾಕಿಕೊಂಡು ಉತ್ತರ ಹೇಳಿದ್ದು ನನಗೆ ನೆನಪಿದೆ: "ಗೌನಿಪಲ್ಲಿಯೋರು ಈ ತಿಂಗಳು ಬೈತಾ ಇಲ್ಲ ಅಂದ್ರೆ ಮರದಲ್ಲಿ ಕಾಯಿಲ್ಲ ಅಂತ ಸಾರ್. ಬೈಲಿ ಬಿಡಿ. ಬೈಗುಳ ಇರೋವರೆಗೂ ಮಾತುಕತೆ ಇದೆ." ನಾನು ಯಂತ್ರಕ್ಕೆ ಸುಗ್ಗಿಯ ಲೆಕ್ಕವನ್ನು ಸೇರಿಸಿದೆ. ಗೌನಿಪಲ್ಲಿ ಹಳದಿಗೆ ಇಳಿಯಿತು.

ಅವರನ್ನು ನಾನು ದೊಡ್ಡದು ಮಾಡಿ ಹೇಳುತ್ತಿಲ್ಲ. ತಮಗೆ ಎಲ್ಲ ಗೊತ್ತು ಎನ್ನುವ ಗುಣ ಅವರಲ್ಲಿತ್ತು. ಹೊಸದಾಗಿ ಬಂದವರ ಗುರುತುಗಳನ್ನು ನೋಡುವ ಮೊದಲೇ ತುಟಿ ಸೊಟ್ಟ ಮಾಡುತ್ತಿದ್ದರು. ಒಂದೇ ಕಥೆಯನ್ನು ಮೂರು ಸಲ ಹೇಳುತ್ತಿದ್ದರು, ಮೂರೂ ಸಲ ಅದು ಬೇರೆಯಾಗಿರುತ್ತಿತ್ತು. ಮತ್ತೆ ಆ ಕೆಲಸ ಅವರನ್ನು ದಣಿಸುತ್ತಿತ್ತು. ನಮ್ಮೆಲ್ಲರನ್ನೂ ದಣಿಸುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಜಾತಿ ಹಿಡಿದು, ಅಮ್ಮ ಅಕ್ಕಂದಿರನ್ನು ಹಿಡಿದು, ದೇವರನ್ನು ಹಿಡಿದು ಬೈದದ್ದನ್ನು ಓದುತ್ತಿದ್ದರೆ ಮಧ್ಯಾಹ್ನದ ಹೊತ್ತಿಗೆ ಡಬ್ಬಿಯ ಅನ್ನ ಸೇರುತ್ತಿರಲಿಲ್ಲ. ಅವರು ಊಟಕ್ಕೆ ಮುಂಚೆ ಕೈಯ ಜೊತೆಗೆ ಕನ್ನಡಕವನ್ನೂ ಸೋಪು ಹಾಕಿ ತೊಳೆಯುತ್ತಿದ್ದರು. ಮೊಸರನ್ನ ತಿಂದು, ಕುರ್ಚಿಯಲ್ಲೇ ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಯಾರೂ ನನ್ನ ಹತ್ತಿರ ಏನೂ ಓದಬೇಡಿ ಎನ್ನುತ್ತಿದ್ದರು.

ಹೆಸರಿನ ಹಠ ಹೀಗೆ. ನಮ್ಮ ವರದಿಯಲ್ಲಿ ಹೋಬಳಿಯ ಬಣ್ಣ ಮಾತ್ರ ಇರಬೇಕು, ಬರೆದವರ ಹೆಸರು, ಖಾತೆ ಯಾವುದೂ ಹೋಗಕೂಡದು ಎಂದು ಅವರು ಸೇರುವಾಗಲೇ ಮ್ಯಾನೇಜರ್ ಬಾಯಿಂದ ಒಪ್ಪಿಸಿಕೊಂಡಿದ್ದರಂತೆ. ಯಾಕೆ ಎಂದು ಶಾಹೀನಾ ಒಮ್ಮೆ ಕೇಳಿದಳು. ಅವರ ಕಥೆಗಳಲ್ಲಿ ಒಂದೇ ಸಲ ಹೇಳಿದ್ದು ಇದು. ವರದಿಗಾರರಾಗಿದ್ದಾಗ ಮುಳಬಾಗಿಲಿನ ಕಡೆ ಒಂದು ಕಲ್ಲು ತೂರಾಟ. ಠಾಣೆಯಲ್ಲಿ ಕೊಟ್ಟ ಹೆಸರುಗಳನ್ನು ಇವರು ಹಾಗೇ ಬರೆದು ಕಳಿಸಿದರು. ಅದರಲ್ಲೊಬ್ಬ, ಹೆಂಡತಿಯ ಹೆರಿಗೆಗೆಂದು ಆ ದಿನ ಆಸ್ಪತ್ರೆಯಲ್ಲಿದ್ದವನು. ಬಿಡುಗಡೆಯೇನೋ ಆಯಿತು. ಆದರೆ ಆಮೇಲೆ ಅವನಿಗೆ ಊರಲ್ಲಿ ಯಾರೂ ಬಾಡಿಗೆಗೆ ಅಂಗಡಿ ಕೊಡಲಿಲ್ಲ.

"ಅಚ್ಚಾದ ಹೆಸರು ಅಳಿಸೋಕೆ ರಬ್ಬರಿಲ್ಲ ಕಣಮ್ಮ," ಎಂದರು. "ಮಳೆ ಬರುತ್ತೆ ಅಂತ ಹೇಳು. ಯಾರ ಮನೆ ಸೋರುತ್ತೆ ಅಂತ ಹೇಳಬೇಡ."

ಅವರು ಸೋತದ್ದನ್ನೂ ಹೇಳಬೇಕು. ಹೋಳೂರಿನ ಅದೇ ಹುಡುಗರು, ಅದೇ ಧಾಟಿಯಲ್ಲಿ, ಇನ್ನೊಂದು ಪಂದ್ಯದ ಹಿಂದಿನ ದಿನ ಬರೆದರು. ಯಂತ್ರ ಕೆಂಪು ಎಂದಿತು. ಇವರು ಒಂದು ಸಲ ಓದಿ, ನಕ್ಕು, ಹಸಿರು ಮಾಡಿಸಿದರು. ಮಾರನೆಯ ದಿನ ಆಟದ ಬಯಲಿನಲ್ಲಿ ಬ್ಯಾಟುಗಳು ತಲೆಗಳ ಮೇಲೆ ಬಿದ್ದವು. ಗಾಯವಾದವರನ್ನು ಕೋಲಾರದ ಆಸ್ಪತ್ರೆಗೆ ತಂದರು. ಇವರು ಹೋಗಿ ನೋಡಿ ಬಂದರು. ಬಂದವರು ನನ್ನ ಮೇಜಿನ ಮುಂದೆ ನಿಂತು, "ನಿನ್ನ ಯಂತ್ರ ಸರಿ. ನಾನು ಹೋದ ಸಲದ ದನೀಲೇ ಓದಿಬಿಟ್ಟೆ," ಎಂದರು. ಆ ದಿನದ ನಂತರ ಓದಿದ ಮೇಲೂ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಪರದೆಯನ್ನು ನೋಡುತ್ತಾ ಕೊರಳಿನ ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿರುತ್ತಿದ್ದರು.

ಇದಾಗಿ ಕೆಲವು ವಾರಗಳಿಗೆ ನರಸಾಪುರದ ಸಾಲುಗಳು ಬಂದವು.

ನರಸಾಪುರದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ, ಗುತ್ತಿಗೆಯ ಮೇಲೆ ಕೆಲಸ ಮಾಡುವ ಹೆಣ್ಣುಮಕ್ಕಳಿಗಾಗಿ ಒಂದು ದೊಡ್ಡ ಹಾಸ್ಟೆಲಿತ್ತು. ಅಲ್ಲಿಯ ಊಟ ಸರಿಯಿಲ್ಲ ಎಂದು ಬಹಳ ದಿನದಿಂದ ಬರೆಯುತ್ತಿದ್ದರು. ಅಂದು ಮಧ್ಯಾಹ್ನ ಕೆಲವರು, ನಾಳೆ ಬೆಳಿಗ್ಗೆ ಯಾರೂ ತಟ್ಟೆ ಮುಟ್ಟಬೇಡಿ ಎಂದು ಬರೆದರು. ಯಂತ್ರ ಅದನ್ನು ಕರೆ ಎಂದು ಗುರುತಿಸಿ ನರಸಾಪುರಕ್ಕೆ ಹಳದಿ ಕೊಟ್ಟಿತು. ಶಾಹೀನಾ ಅಂದು ರಜೆಯಲ್ಲಿದ್ದಳು. ಇವರು ಓದಲು ಬಾಯಿ ತೆರೆದು, ನಿಲ್ಲಿಸಿ, ನನ್ನ ಕಡೆ ತಿರುಗಿದರು.

"ಇದು ನಿನ್ನ ವಯಸ್ಸಿನವರ ಮಾತು. ನನ್ನ ಗಂಟಲಲ್ಲಿ ಬರಲ್ಲ. ಒಂದು ಸಲ ಓದಮ್ಮ."

ನಾನು ಓದಿದೆ. ದನಿ ಸಣ್ಣದಾಗಿತ್ತು, ಆದರೂ ಅಷ್ಟು ದೊಡ್ಡ ಕೋಣೆಯಲ್ಲಿ ಕೇಳಿಸಿತು. ನನ್ನ ಬಾಯಿಂದ ಬಂದಾಗ ಅದರಲ್ಲಿ ಗಲಾಟೆ ಏನೂ ಇರಲಿಲ್ಲ. ಹಸಿವಿತ್ತು, ಸ್ವಲ್ಪ ಜಂಬವಿತ್ತು. ದೂರು, ಎಂದೆ. ದೂರು, ಎಂದರು ಅವರೂ. ಗುರುತು ಬದಲಾಯಿಸಿದೆವು.

ಆದರೆ ಹೋಳೂರು ಅವರ ತಲೆಯಲ್ಲಿತ್ತು. ಸಂಜೆಯ ಹೊತ್ತಿಗೆ ಅವರು ಗುಂಡಿ ಹಾಕಿಕೊಂಡದ್ದನ್ನು ನಾನು ನೋಡಿದೆ. ನಾವು ಯಾರ ಬರಹ ಓದುತ್ತೇವೋ ಆ ಜಾಗದವರನ್ನು ಮಾತಾಡಿಸಬಾರದು ಎನ್ನುವುದು ಕೆಲಸದ ಮೊದಲ ನಿಯಮ. ಬರೆಯುವ ಮುಂಚೆ ಆ ಕಡೆಯವರನ್ನು ಒಂದು ಮಾತು ಕೇಳಬೇಕು ಎನ್ನುವುದು ವರದಿಗಾರರ ಮೊದಲ ನಿಯಮ. ಅವರು ಎರಡನೆಯದನ್ನು ಹೆಚ್ಚು ಕಾಲ ಪಾಲಿಸಿದವರು. ನರಸಾಪುರದಲ್ಲಿ ಹಾಸ್ಟೆಲಿನ ಎದುರು ಟೀ ಅಂಗಡಿ ಇಟ್ಟಿದ್ದ ಹಳೆಯ ಪರಿಚಯದವರೊಬ್ಬರಿಗೆ ಫೋನು ಮಾಡಿದರು. ಏಮಪ್ಪಾ ಎಂದು ಶುರುಮಾಡಿ, ತೆಲುಗಿನಲ್ಲಿ ಮಳೆ, ಮೊಮ್ಮಕ್ಕಳು ಎಲ್ಲ ಮುಗಿಸಿ, ಕೊನೆಗೆ, ನಾಳೆ ನಿಮ್ಮ ಕಡೆ ಏನಾದರೂ ಇದೆಯಾ ಎಂದು ಕೇಳಿದರು. ಏನೂ ಇಲ್ಲವಲ್ಲ ಎಂದರಂತೆ ಅವರು. ಇವರು ನೆಮ್ಮದಿಯಿಂದ ಗುಂಡಿ ಬಿಚ್ಚಿದರು.

ಟೀ ಅಂಗಡಿಯವರು ಸುಮ್ಮನಿರುತ್ತಾರೆಯೇ? ಸಂಜೆ ಶಿಫ್ಟು ಬಿಟ್ಟು ಬಂದವರಿಗೆ ಗ್ಲಾಸು ಕೊಡುತ್ತಾ, ನಾಳೆ ಏನೋ ಇದೆಯಂತಲ್ಲ, ಪೇಪರಿನವರು ಫೋನು ಮಾಡಿ ಕೇಳಿದರು ಎಂದಿದ್ದಾರೆ. ಅವರ ಲೆಕ್ಕದಲ್ಲಿ ಇವರು ಇನ್ನೂ ಪೇಪರಿನವರೇ. ಅಷ್ಟು ಸಾಕಾಯಿತು, ಸಂಜೆಯಿಂದಲೇ ಎಲ್ಲರೂ ಬರೆಯತೊಡಗಿದರು. ನಾಳೆ ಏನೋ ಇದೆಯಂತೆ. ಪೇಪರಿನವರು ಬರ್ತಾರಂತೆ. ಪೊಲೀಸರೂ ಬರ್ತಾರಂತೆ. ಕಂಪನಿ ಬಸ್ಸು ಬಿಡಲ್ಲವಂತೆ. ಬೆಳಿಗ್ಗೆ ನಾನು ಆಫೀಸಿಗೆ ಬರುವಷ್ಟರಲ್ಲಿ ಯಂತ್ರ ಇದನ್ನೆಲ್ಲ ಓದಿಕೊಂಡು ನರಸಾಪುರವನ್ನು ಕೆಂಪು ಮಾಡಿ, ಆ ಬಣ್ಣ ತಾನಾಗಿಯೇ, ಯಾರೆಂದು ಹೇಳಬಾರದ ಆ ಮೇಲಿನ ಕಚೇರಿಗೆ ಹೋಗಿಯೂ ಆಗಿತ್ತು.

ಕೆಂಪು ಕಂಡು ಪೊಲೀಸ್ ವ್ಯಾನು ಹೋಯಿತು. ವ್ಯಾನು ಕಂಡು ಬಸ್ಸು ನಿಂತಿತು. ಬಸ್ಸು ನಿಂತದ್ದಕ್ಕೆ ಹಾಸ್ಟೆಲಿನ ಗೇಟಿನ ಮುಂದೆ ಹೆಣ್ಣುಮಕ್ಕಳು ಗುಂಪಾದರು. ಕ್ಯಾಂಟೀನಿನವರು ಹೆದರಿ ಬಾಗಿಲು ಹಾಕಿಕೊಂಡರು. ತಟ್ಟೆ ಮುಟ್ಟಬಾರದು ಎಂದವರಿಗೂ ಮುಟ್ಟಬೇಕು ಎಂದವರಿಗೂ ಅಂದು ತಿಂಡಿ ಸಿಗಲಿಲ್ಲ. ಒಂದಿಷ್ಟು ಕೂಗಾಟ, ಒಬ್ಬರು ತಲೆಸುತ್ತಿ ಕೂತರು, ಅಷ್ಟೇ. ಮಧ್ಯಾಹ್ನದ ಶಿಫ್ಟಿಗೆ ಬಸ್ಸುಗಳು ಎಂದಿನಂತೆ ಓಡಿದವು.

ಯಂತ್ರ ಹೇಳಿದ್ದು ನಿಜವಾಯಿತು ಎಂದು ಬೆಂಗಳೂರಿನಲ್ಲಿ ಸಂತೋಷಪಟ್ಟರು. ಇವರು ಆ ಹೊತ್ತಿಗೆ ಹಿಂದಿನ ಸಂಜೆಯ ಸಾಲುಗಳನ್ನು ಒಂದೊಂದಾಗಿ ಓದುತ್ತಿದ್ದರು. ಅವತ್ತು ಗಟ್ಟಿಯಾಗಿ ಓದಲಿಲ್ಲ. ಪೇಪರಿನವರು ಎಂಬ ಸಾಲು ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮಾರನೆಯ ದಿನ ಮ್ಯಾನೇಜರ್ ವಿಡಿಯೊ ಕರೆಯಲ್ಲಿ ಬಂದರು. ಮೇಲಿನ ಕಚೇರಿಯವರಿಗೆ ಈಗ ಇದನ್ನು ಶುರುಮಾಡಿದ ಖಾತೆಗಳು ಬೇಕಂತೆ. ಯಾರು ಮೊದಲು ಬರೆದರು, ಯಾರ ಮಾತು ಹೆಚ್ಚು ಹರಡಿತು, ಮೇಲಿನಿಂದ ಕೆಳಗೆ ಒಂದು ಪಟ್ಟಿ. ಒಂದೇ ಸಲ, ಈ ಒಂದು ಸಲ ಎಂದರು. ನನ್ನ ಪ್ರೋಗ್ರಾಮಿಗೆ ಅದು ಕ್ಷಣದ ಕೆಲಸ ಎಂದು ಅವರಿಗೂ ಗೊತ್ತಿತ್ತು. ಪಟ್ಟಿ ಹೋದರೆ ಏನಾಗುತ್ತದೆ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಹೆಣ್ಣುಮಕ್ಕಳದು ಗುತ್ತಿಗೆ ಕೆಲಸ. ಗುತ್ತಿಗೆದಾರರ ಕೈಗೆ ಹೆಸರು ಸಿಕ್ಕಿದರೆ ಸಂಜೆಯೊಳಗೆ ಬ್ಯಾಗು ಕಟ್ಟಿಸಿ ಊರಿಗೆ ಕಳಿಸುತ್ತಾರೆ, ಪಕ್ಕದ ಕಾರ್ಖಾನೆಯೂ ಸೇರಿಸುವುದಿಲ್ಲ. ಒಪ್ಪಂದ ಹಾಗಿರಲಿಲ್ಲ ಎಂದು ಶಾಹೀನಾ ಮೆಲ್ಲಗೆ ಹೇಳಿದಳು. ಮ್ಯಾನೇಜರ್, ಅದು ಬಾಯಿಮಾತು, ಕಾಗದದಲ್ಲಿಲ್ಲ ಎಂದರು.

ಇವರು ಕೊರಳಿನ ಗುಂಡಿ ಹಾಕಿಕೊಂಡರು.

"ಕೊಡೋಣ ಸಾರ್. ಮೊದಲ ಹೆಸರು ನನ್ನದು ಬರ್ಕೊಳ್ಳಿ."

ಮ್ಯಾನೇಜರಿಗೆ ಅರ್ಥವಾಗಲಿಲ್ಲ. ಇವರು ಟೀ ಅಂಗಡಿಗೆ ಮಾಡಿದ ಫೋನನ್ನು, ಹೊತ್ತು ಸಮೇತ, ವರದಿ ಓದುವ ಹಾಗೆ ಹೇಳಿದರು. ನಾಳೆ ಏನೋ ಇದೆಯಂತೆ ಎನ್ನುವುದನ್ನು ನರಸಾಪುರಕ್ಕೆ ಕಳಿಸಿದ್ದೇ ನಾನು, ಗಲಾಟೆ ಎಬ್ಬಿಸಿದ್ದು ಈ ಆಫೀಸು ಎಂದರು. ಪಟ್ಟಿ ಕಳಿಸುವುದಾದರೆ ಮೇಲೆ ನನ್ನ ಹೆಸರು, ಪಕ್ಕದಲ್ಲಿ ಕಂಪನಿಯ ಹೆಸರು, ಆಮೇಲೆ ಉಳಿದವರು ಎಂದರು.

ಪರದೆಯಲ್ಲಿ ಮ್ಯಾನೇಜರ್ ನನ್ನನ್ನು ಕೇಳಿದರು: ಇವರು ಹೇಳುವುದಕ್ಕೆ ಅಂಕಿಅಂಶ ಹೊಂದುತ್ತದೆಯೇ?

ಸರ್ ನನ್ನ ಕಡೆ ನೋಡಲಿಲ್ಲ. ತಟ್ಟೆ ಮುಟ್ಟಬೇಡಿ ಎನ್ನುವ ಸಾಲುಗಳು ಅವರು ಫೋನು ಮಾಡುವ ಮುಂಚೆಯೇ ಬಂದಿದ್ದವು, ನಾನೇ ಓದಿದ್ದೆ. ಬಣ್ಣ ಕೆಂಪಿಗೆ ಹೋದದ್ದು ಮಾತ್ರ ಫೋನಿನ ನಂತರ.

"ಕೆಂಪಾದದ್ದು ಇವರ ಫೋನಾದ ಮೇಲೆ," ಎಂದೆ. ಕೇಳಿದ್ದು ಅಷ್ಟೇ. ಹೇಳಿದ್ದೂ ಅಷ್ಟೇ.

ಪಟ್ಟಿ ಹೋಗಲಿಲ್ಲ. ಆ ದಿನದ ಸಾಲುಗಳು ಕಲಬೆರಕೆಯಾಗಿವೆ, ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಮ್ಯಾನೇಜರ್ ಮೇಲಿನ ಕಚೇರಿಗೆ ಬರೆದು ಕಳಿಸಿದರು. ಇವರನ್ನು ಆ ವಾರವೇ ಬಿಡಿಸಿದರು. ಹಾರ ಇಲ್ಲ, ಭಾಷಣ ಇಲ್ಲ. ಊಟದ ಡಬ್ಬಿ, ಕನ್ನಡಕದ ಸೋಪು ಒಂದು ಕೈಚೀಲದಲ್ಲಿ ಹಾಕಿಕೊಂಡರು. ಮೆಟ್ಟಿಲಿನವರೆಗೆ ನಾನು, ಶಾಹೀನಾ ಹೋದೆವು. ಶಾಹೀನಾ ಅಳು ತಡೆಯುತ್ತಾ, ಕಾಯ್ಕು ಸರ್, ನಿಮಗ್ಯಾಕೆ ಬೇಕಿತ್ತು ಎಂದಳು.

"ಅಯ್ಯೋ ಬಿಡಮ್ಮ," ಎಂದು ನಕ್ಕರು. "ಅಷ್ಟು ವರ್ಷ ತಾಲ್ಲೂಕು ಆಫೀಸ್ ಬಾಗಿಲಲ್ಲಿ ನಿಂತಿದ್ದೀನಿ. ಯಾವ ಕಾಗದ ಮೇಲಕ್ಕೆ ಹೋಗಲ್ಲ ಅಂತ ಅಷ್ಟೂ ಗೊತ್ತಾಗಲ್ವಾ?" ಆಮೇಲೆ ನನ್ನ ಕಡೆ ತಿರುಗಿ, "ಇನ್ನು ಮೇಲೆ ನೀನು ಓದಬೇಕಾಗುತ್ತೆ," ಎಂದರು. ನಾನು ತಲೆಯಾಡಿಸಿದೆ. ಅವರಿಗೆ ಅದು ಸಾಕಾಯಿತೆಂದು ಕಾಣುತ್ತದೆ.

ಉಳಿದ ತಿಂಗಳುಗಳು ನಾನೇ ಓದಿದೆ. ಆಮೇಲೆ ಪ್ರಯೋಗದ ಅವಧಿ ಮುಗಿದು ಆಫೀಸು ಮುಚ್ಚಿತು. ಈಗ ನಾನು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬೇರೆ ಕಡೆ ಬೇರೆ ಯಂತ್ರಗಳು ಬಂದಿವೆಯೆಂದೂ ಅವು ಹೆಸರುಗಳನ್ನೂ ಕೊಡುತ್ತವೆಯೆಂದೂ ಕೇಳಿದ್ದೇನೆ. ನಿಜವೋ ಅಲ್ಲವೋ ಗೊತ್ತಿಲ್ಲ. ತಿಳಿದುಕೊಳ್ಳುವಷ್ಟು ಚೈತನ್ಯ ನನ್ನಲ್ಲಿ ಉಳಿದಿಲ್ಲ.

ಸುದ್ದಿ ಬಂದ ಮಾರನೆಯ ದಿನ ಶ್ರೀನಿವಾಸಪುರಕ್ಕೆ ಹೋದೆ. ನಡುಮನೆಯ ಕುರ್ಚಿಯ ಮೇಲೆ ಅವರ ಫೋಟೊ ಇಟ್ಟಿದ್ದರು. ಫೋಟೊದಲ್ಲಿ ಕೊರಳಿನ ಗುಂಡಿ ಹಾಕಿತ್ತು. ಅವರ ಹೆಂಡತಿ ನಾನು ಯಾರೆಂದು ಕೇಳಿ, ಆಫೀಸಿನವಳು ಎಂದಾಗ, ಕೂತ್ಕೋಮ್ಮ ಎಂದರು. ಕೆಲಸ ಬಿಟ್ಟ ಮೇಲೂ ದಿನಾ ಪೇಪರು ಗಟ್ಟಿಯಾಗಿ ಓದುತ್ತಿದ್ದರು, ನನಗೆ ತಲೆನೋವು ಬರುತ್ತಿತ್ತು ಎಂದರು. ಸ್ವಲ್ಪ ಹೊತ್ತು ಬಿಟ್ಟು, ನಿನ್ನೆಯಿಂದ ಮನೆ ತಣ್ಣಗಿದೆ ಎಂದರು. ಕೆಲಸ ಯಾಕೆ ಬಿಟ್ಟರೆಂದು ಅವರಿಗೆ ಗೊತ್ತಿರಲಿಲ್ಲ. ಕಣ್ಣು ಸೋತಿತು ಅಂದಿದ್ದರಂತೆ.

ವಾಪಸು ಬರುವಾಗ ಕೋಲಾರ ದಾಟಿ, ನರಸಾಪುರದಲ್ಲಿ ಇಳಿದು ಮಾಲೂರಿನ ಬಸ್ಸಿಗೆ ಕಾಯುತ್ತಿದ್ದೆ. ಶಿಫ್ಟು ಬಿಡುವ ಹೊತ್ತು. ಕಂಪನಿ ಬಸ್ಸುಗಳಿಂದ ಹೆಣ್ಣುಮಕ್ಕಳು ಇಳಿಯುತ್ತಿದ್ದರು. ಇಬ್ಬರು ನನ್ನ ಪಕ್ಕವೇ ಬಂದು ನಿಂತರು. ಒಬ್ಬಳು ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತು ರೆಕಾರ್ಡು ಮಾಡುತ್ತಿದ್ದಳು.

"ಸಾರಲ್ಲಿ ಬೇಳೆ ಹುಡ್ಕೋಕೆ ಟಾರ್ಚ್ ಹಾಕ್ಬೇಕು ಕಣೇ. ಆ ಕ್ಯಾಂಟೀನ್ ಯಜಮಾನ ಮನೇಲೂ ಇದೇ ತಿಂತಾನಾ ಕೇಳು. ತಿಂದ್ರೆ ನಾನೇ ಹೋಗಿ ಬಡಿಸ್ತೀನಿ."

ಜೊತೆಯವಳು, ಲೇ ಮೆತ್ತಗೆ, ಎಲ್ಲರಿಗೂ ಕೇಳಿಸುತ್ತೆ ಎಂದಳು. ಕೇಳಿಸಲಿ ಬಿಡು, ಎಂದು ಇವಳು ಇನ್ನೂ ಗಟ್ಟಿಯಾಗಿ ಮೊದಲಿನಿಂದ ಶುರುಮಾಡಿದಳು.

ಅವಳ ಕೊರಳಲ್ಲಿ ನೇತಾಡುತ್ತಿದ್ದ ಕಂಪನಿಯ ಕಾರ್ಡು ನನ್ನ ಕಡೆಗೆ ತಿರುಗಿತು. ಹೆಸರು ಓದುವಷ್ಟು ಹತ್ತಿರದಲ್ಲಿತ್ತು. ನಾನು ಮಾಲೂರಿನ ಬಸ್ಸು ಬರುವ ದಿಕ್ಕನ್ನು ನೋಡುತ್ತಾ ನಿಂತೆ.